ಪಂಚಮಿಯಿಂದ ದೀಪಾವಳಿಗೆ: ಹನ್ನೆರಡು ವಾರದ ಒಂದು ವ್ಯಾಪಾರದ ಗುರಿ

ಮಾರಾಟ ಏರುತ್ತಾ ಹೋದಂತೆ ಕೈಯಲ್ಲಿರುವ ದುಡ್ಡು ಕಡಿಮೆಯಾಗುತ್ತಾ ಬರುವ ವ್ಯಾಪಾರಗಳಿವೆ. ವಿಚಿತ್ರ ಅನ್ನಿಸಬಹುದು. ಆದರೆ ಉದ್ರಿ ಮೇಲೆ ಮಾಲು ಕೊಡುವವರಿಗೆ ಇದು ಹೊಸ ಸಂಗತಿ ಏನಲ್ಲ. ಇಂಥವರನ್ನು "ಮುಂದಿನ ಮೂರು ತಿಂಗಳಲ್ಲಿ ಏನು ಮಾಡಬೇಕು ಅಂತಿದ್ದೀರಿ?" ಅಂತ ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಮಾತು: "ಮಾರಾಟ ಡಬಲ್ ಮಾಡ್ಬೇಕು." ಕೇಳಲು ಚೆನ್ನಾಗಿದೆ. ಎಷ್ಟೋ ಸಲ ಉದ್ಯಮವನ್ನು ಮುಳುಗಿಸುವುದೂ ಅದೇ ಗುರಿ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಇದರ ಅಂಕಿಗಳು ನಾನು ಲೆಕ್ಕಕ್ಕಾಗಿ ಹಾಕಿಕೊಂಡವು. ಪರಿಸ್ಥಿತಿ ಮಾತ್ರ ಯಾವ ಊರಿನಲ್ಲಿ ಬೇಕಾದರೂ ಸಿಗುತ್ತದೆ.

ಹುಬ್ಬಳ್ಳಿಯಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ತಿಂಡಿ ಘಟಕ ಅಂದುಕೊಳ್ಳಿ. ವರ್ಷವಿಡೀ ಶೇಂಗಾ ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ. ನಾಗರ ಪಂಚಮಿ ಹತ್ತಿರ ಬಂತೆಂದರೆ ಶೇಂಗಾ ಉಂಡಿ, ರವೆ ಉಂಡಿ, ಎಳ್ಳುಂಡಿ. ಕೆಲಸಕ್ಕೆ ಐದಾರು ಹೆಂಗಸರು, ಮಾಲು ಹಾಕಲು ಒಬ್ಬ ಹುಡುಗ, ಒಂದು ಗೂಡ್ಸ್ ಆಟೊ. ಹುಬ್ಬಳ್ಳಿ ಧಾರವಾಡದ 40 ಕಿರಾಣಿ ಅಂಗಡಿಗಳಿಗೆ ಇವರ ಮಾಲು ಹೋಗುತ್ತದೆ. ತಿಂಗಳ ಮಾರಾಟ 3 ಲಕ್ಷ ರೂಪಾಯಿ, ಎಲ್ಲವೂ ಉದ್ರಿ. ಅಂಗಡಿಗಳಿಂದ ಬರಬೇಕಾದ ಬಾಕಿ 5 ಲಕ್ಷ.

ಈ ಎರಡು ಅಂಕಿಗಳಿಂದ ಮೂರನೆಯದೊಂದು ಹುಟ್ಟುತ್ತದೆ. ಬಾಕಿಯನ್ನು ತಿಂಗಳ ಮಾರಾಟದಿಂದ ಭಾಗಿಸಿ, 30ರಿಂದ ಗುಣಿಸಿ. 50 ಬರುತ್ತದೆ. ಅಂದರೆ ಇವತ್ತು ಇಳಿಸಿದ ಮಾಲಿನ ದುಡ್ಡು ಕೈಗೆ ಬರಲು ಸರಾಸರಿ 50 ದಿನ ಬೇಕು. ಇದನ್ನು ಉದ್ರಿ ದಿನ ಅಂತ ಕರೆಯೋಣ. ಅಷ್ಟು ದಿನವೂ ಶೇಂಗಾ ವ್ಯಾಪಾರಿಗೆ, ಎಣ್ಣೆ ಅಂಗಡಿಗೆ, ಗ್ಯಾಸಿಗೆ, ಸಂಬಳಕ್ಕೆ ಇವರೇ ತಮ್ಮ ಕೈಯಿಂದ ಹಾಕುತ್ತಿರಬೇಕು.

ಈಗ ಮಾರಾಟ ಡಬಲ್ ಆಯಿತು ಅನ್ನಿ. ತಿಂಗಳಿಗೆ 6 ಲಕ್ಷ. ಉದ್ರಿ ದಿನ ಬದಲಾಗಲಿಲ್ಲ ಅಂದರೆ ಬಾಕಿ 10 ಲಕ್ಷಕ್ಕೆ ಹೋಗುತ್ತದೆ. ಒಂದು ರೂಪಾಯಿ ಮಾಲು ಮಾಡಲು ಇವರಿಗೆ 80 ಪೈಸೆ ಖರ್ಚು ಬೀಳುತ್ತದೆ ಅಂತಿಟ್ಟುಕೊಂಡರೆ, ಹೊಸದಾಗಿ ಹೊರಗೆ ನಿಂತ 5 ಲಕ್ಷದಲ್ಲಿ 4 ಲಕ್ಷ ಇವರ ಜೇಬಿನದು. ಹೆಚ್ಚಿದ ಮಾರಾಟದಿಂದ ತಿಂಗಳಿಗೆ ಉಳಿಯುವುದು 60 ಸಾವಿರ. ಅಂದರೆ ಆರೇಳು ತಿಂಗಳ ಲಾಭ ಪೂರ್ತಿ ಆ ಗುಂಡಿ ತುಂಬುವುದಕ್ಕೇ ಬೇಕು. ಅಲ್ಲಿಯವರೆಗೆ ಸಂಬಳ ಕೊಡುವುದು ಹೇಗೆ? ಬಡ್ಡಿಗೆ ತರಬೇಕು. ಇದೇ ಕಾರಣಕ್ಕೆ ಇವರ ಮೂರು ತಿಂಗಳ ಗುರಿ ಮಾರಾಟ ಆಗಬಾರದು, ಉದ್ರಿ ಆಗಬೇಕು ಅನ್ನುತ್ತೇನೆ. 5 ಲಕ್ಷದ ಬಾಕಿಯನ್ನು 3 ಲಕ್ಷಕ್ಕೆ ಇಳಿಸಬೇಕು, 50 ದಿನವನ್ನು 30 ಮಾಡಬೇಕು. ಒಬ್ಬ ಹೊಸ ಗಿರಾಕಿಯೂ ಇಲ್ಲದೆ, ಒಂದು ಕಿಲೋ ಹೆಚ್ಚಿಗೆ ಮಾಡದೆ 2 ಲಕ್ಷ ಕೈಗೆ ಬರುತ್ತದೆ.

ನಿಮ್ಮ ವ್ಯಾಪಾರಕ್ಕೆ ಬೇಕಾದ ಗುರಿ ಬೇರೆಯೇ ಇರಬಹುದು. ಟೈಲರಿಂಗ್ ಮಾಡುವವರಿಗೆ ಹೇಳಿದ ದಿನಕ್ಕೆ ಬಟ್ಟೆ ಕೊಡುವುದು, ಹೋಟೆಲಿನವರಿಗೆ ರಾತ್ರಿ ಉಳಿದು ಚೆಲ್ಲುವ ಅಡುಗೆ ಕಡಿಮೆ ಮಾಡುವುದು. ಹುಡುಕಬೇಕಾದದ್ದು ಎಲ್ಲಿ ಬಿಗಿದುಕೊಂಡಿದೆ ಅನ್ನುವುದನ್ನು. ಅದು ಗೊತ್ತಾದ ಮೇಲೆ ಗುರಿ ತಾನಾಗಿ ಕಾಣುತ್ತದೆ. ಒಂದೇ ಗುರಿ ಸಾಕು. ಮೂರು ಗುರಿ ಇಟ್ಟುಕೊಂಡವರು ಕಷ್ಟವಾದದ್ದನ್ನು ಬಿಟ್ಟು ಸುಲಭವಾದದ್ದನ್ನು ಮಾಡಿ, "ಒಂದಾದ್ರೂ ಆಯ್ತಲ್ಲ" ಅಂದುಕೊಳ್ಳುತ್ತಾರೆ.

ದೊಡ್ಡ ಕಂಪನಿಗಳೂ ಬಿಗಿಯಾದ ಸಮಯದಲ್ಲಿ ಮಾಡಿದ್ದು ಇದನ್ನೇ. 1979ರ ಕೊನೆಯಲ್ಲಿ ಕಂಪ್ಯೂಟರ್ ಚಿಪ್ಪು ಮಾಡುವ ಅಮೆರಿಕದ ಇಂಟೆಲ್ ಕಂಪನಿ ಇಕ್ಕಟ್ಟಿನಲ್ಲಿತ್ತು. ಅದರ 8086 ಚಿಪ್ಪಿಗಿಂತ ಎದುರಾಳಿ ಮೋಟೊರೋಲಾದ 68000 ಚಿಪ್ಪು ಚೆನ್ನಾಗಿದೆ ಅನ್ನುವ ಮಾತು ಎಂಜಿನಿಯರುಗಳ ನಡುವೆ ಹಬ್ಬಿತ್ತು. ಹೊಸ ಚಿಪ್ಪು ಮಾಡಲು ಸಮಯ ಇರಲಿಲ್ಲ. ಆಗ ಅವರು 'ಆಪರೇಷನ್ ಕ್ರಷ್' ಅಂತ ಒಂದು ಕೆಲಸ ಹಚ್ಚಿಕೊಂಡರು. ಯಾವುದಾದರೂ ಕಂಪನಿ ತನ್ನ ಹೊಸ ಯಂತ್ರಕ್ಕೆ ಇಂಟೆಲ್ ಚಿಪ್ಪನ್ನೇ ಹಾಕುತ್ತೇವೆ ಅಂತ ತೀರ್ಮಾನಿಸಿದರೆ ಅದಕ್ಕೆ 'ಡಿಸೈನ್ ವಿನ್' ಅಂತ ಹೆಸರು. 1980ರ ಕೊನೆಯೊಳಗೆ ಇಂಥ 2000 ಬೇಕು ಅನ್ನುವುದು ಗುರಿ. 2000 ಅಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಮಾರಾಟದವರಿಗೆ ಹಂಚಿದರೆ ತಲೆಗೆ ತಿಂಗಳಿಗೊಂದು. ತಿಂಗಳಿಗೊಂದು ಅಂದರೆ ಆಗದ ಮಾತೇನೂ ಅಲ್ಲ, ಅಲ್ವಾ? ವರ್ಷದ ಕೊನೆಗೆ 2000 ದಾಟಿತು. ಇಂಟೆಲ್ ಚಿಪ್ಪನ್ನು ಆರಿಸಿಕೊಂಡವರಲ್ಲಿ ಐಬಿಎಂ ಕೂಡ ಇತ್ತು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯೊಳಗೆ ಕೂತದ್ದು 8086ರ ತಮ್ಮನಂಥ 8088.

'ಮೋಟೊರೋಲಾವನ್ನು ಸೋಲಿಸಬೇಕು' ಅಂತ ಅವರು ಗೋಡೆ ಮೇಲೆ ಬರೆದು ಸುಮ್ನಿದ್ದಿದ್ದರೆ ಸೋಮವಾರ ಬೆಳಿಗ್ಗೆ ಯಾರು ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಎಡ್ವಿನ್ ಲಾಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಿಂದ ಇದನ್ನೇ ಪರೀಕ್ಷೆ ಮಾಡುತ್ತಾ ಬಂದರು. ಆಮೇಲೆ ಗ್ಯಾರಿ ಲೇಥಮ್ ಜೊತೆಯಾದರು. 'ಆದಷ್ಟು ಮಾಡ್ತೀನಿ' ಅಂತ ಹೊರಟವರಿಗಿಂತ, ಸ್ವಲ್ಪ ಕಷ್ಟದ, ಆದರೆ ಸ್ಪಷ್ಟವಾದ ಅಂಕಿ ಇಟ್ಟುಕೊಂಡವರು ಜಾಸ್ತಿ ಕೆಲಸ ಮಾಡುತ್ತಾರೆ ಅನ್ನುವುದು ಅವರಿಗೆ ಮತ್ತೆ ಮತ್ತೆ ಕಂಡಿತು. ಇದಕ್ಕೆ ಎರಡು ಷರತ್ತು. ಮಾಡುವವರು ಆ ಗುರಿಯನ್ನು ಒಪ್ಪಿರಬೇಕು, ಎಲ್ಲಿಗೆ ಬಂದಿದ್ದೇವೆ ಅಂತ ಆಗಾಗ ತಿಳಿಯುತ್ತಿರಬೇಕು. ಇನ್ನೂ ಕೆಲಸವೇ ಸರಿಯಾಗಿ ಗೊತ್ತಿಲ್ಲದ ಹೊಸಬರಿಗೆ ಮಾತ್ರ ಇಂಥ ಅಂಕಿಯಿಂದ ತಲೆಬಿಸಿ ಹೆಚ್ಚು. ಅವರು 'ಮೂರು ತಿಂಗಳಲ್ಲಿ ಇಷ್ಟು ಲಾಭ' ಅನ್ನುವುದಕ್ಕಿಂತ 'ಮೂರು ತಿಂಗಳಲ್ಲಿ 30 ಅಂಗಡಿಯವರನ್ನು ಕಂಡು ಏನು ಬೇಕು ಅಂತ ಕೇಳಿಕೊಳ್ಳುವುದು' ಅಂತ ಇಟ್ಟುಕೊಂಡರೆ ಲಾಭ.

ನಮ್ಮ ಉಂಡಿಯವರ ಕಡೆ ಬರೋಣ. ಗುರಿ ಸಿಕ್ಕಿತು. ಯಾವಾಗ ಶುರು, ಯಾವಾಗ ಮುಕ್ತಾಯ? ಏಪ್ರಿಲ್‌ನಿಂದ ಜೂನ್, ಜುಲೈನಿಂದ ಸೆಪ್ಟೆಂಬರ್ ಅನ್ನುವ ಲೆಕ್ಕ ತೆರಿಗೆಯವರಿಗೆ ಸರಿ. ಕಿರಾಣಿ ಪೇಟೆ ಓಡುವುದು ಹಬ್ಬದ ಲೆಕ್ಕದಲ್ಲಿ. ಶ್ರಾವಣ ಶುದ್ಧ ಪಂಚಮಿಯಿಂದ ಆಶ್ವಯುಜ ಅಮಾವಾಸ್ಯೆಗೆ, ನಡುವೆ ಅಧಿಕ ಮಾಸ ಬರದಿದ್ದರೆ, ಹೆಚ್ಚೂಕಡಿಮೆ 84 ದಿನ. ಸರಿಯಾಗಿ ಹನ್ನೆರಡು ವಾರ. ಪಂಚಮಿ ಮುಗಿದ ಮೇಲೆ ಇವರ ಉಂಡಿಯ ದುಡ್ಡೆಲ್ಲ ಅಂಗಡಿಗಳಲ್ಲಿ ಸಿಕ್ಕಿಕೊಂಡಿರುತ್ತದೆ, ಬಾಕಿ ವರ್ಷದಲ್ಲೇ ಜಾಸ್ತಿ. ಇನ್ನೊಂದು ತುದಿಯಲ್ಲಿ ದೀಪಾವಳಿ. ಅಂಗಡಿ ಪೂಜೆ, ಲೆಕ್ಕದ ಪುಸ್ತಕದ ಪೂಜೆ, ಹೊಸ ಕಿರ್ದಿ. ಅದಕ್ಕೆ ಮೊದಲು ಹಳೇ ಲೆಕ್ಕ ಚುಕ್ತಾ ಮಾಡುವ ರೂಢಿ ಎಷ್ಟೋ ವ್ಯಾಪಾರಿಗಳಲ್ಲಿ ಇನ್ನೂ ಇದೆ. ವಸೂಲಿಗೆ ಇದಕ್ಕಿಂತ ಒಳ್ಳೆಯ ಗಡುವು ಸಿಗುವುದಿಲ್ಲ.

ವಾರಕ್ಕೆ ಎಷ್ಟು ಅಂತ ಈಗ ಒಡೆಯಬೇಕು. ವಾರದ ಮಾರಾಟ ಸುಮಾರು 70 ಸಾವಿರ. ಬಾಕಿ ಏರದೆ ಇರಬೇಕಾದರೂ ವಾರಕ್ಕೆ 70 ಸಾವಿರ ವಸೂಲಾಗಬೇಕು. 2 ಲಕ್ಷ ಇಳಿಯಬೇಕೆಂದರೆ ಅದರ ಮೇಲೆ ವಾರಕ್ಕೆ ಇನ್ನೊಂದು 17 ಸಾವಿರ. ಹನ್ನೆರಡು ವಾರಕ್ಕೆ ಒಟ್ಟು 10.4 ಲಕ್ಷ, ವಾರಕ್ಕೆ ಸರಾಸರಿ 87 ಸಾವಿರ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಐದನೇ ವಾರದಲ್ಲಿ ಎಡವುವುದೂ ಇದೇ ಕಾರಣಕ್ಕೆ. ಐದನೇ ವಾರ ಅಂದರೆ ಗಣೇಶ ಚೌತಿಯ ಆಸುಪಾಸು. ಅಂಗಡಿಯವರು ಇದ್ದಬದ್ದ ದುಡ್ಡೆಲ್ಲ ಹಬ್ಬದ ಸ್ಟಾಕಿಗೆ ಹಾಕಿರುತ್ತಾರೆ. ಅವತ್ತು 87 ಸಾವಿರ ಕೇಳಿದರೆ ಎಲ್ಲಿಂದ ಕೊಡುತ್ತಾರೆ? ಅದಕ್ಕೇ ವಾರದ ಅಂಕಿಯನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಬರೆಯಬೇಕು. ಮೊದಲ ಮೂರು ವಾರ ಉಂಡಿ ಮಾರಿದ ದುಡ್ಡು ಗಲ್ಲಾದಲ್ಲಿರುತ್ತದೆ, ವಾರಕ್ಕೆ 1 ಲಕ್ಷ ಹಾಕಿ. ಗಣಪತಿಯ ಎರಡು ವಾರ 65 ಸಾವಿರದಂತೆ ಸಾಕು. ಆಮೇಲೆ ಪಿತೃಪಕ್ಷ. ಪೇಟೆ ತಣ್ಣಗಿರುತ್ತದೆ, ಮಾಲೀಕರು ಕೂತು ಮಾತಾಡಲು ಸಿಗುತ್ತಾರೆ, ಹಳೇ ಬಿಲ್ಲು ತೆಗೆಯಲು ಒಳ್ಳೇ ಹೊತ್ತು. ಅದರ ಆಸುಪಾಸಿನ ಮೂರು ವಾರ 90 ಸಾವಿರದಂತೆ. ನವರಾತ್ರಿ, ದಸರಾದ ಎರಡು ವಾರ 60. ದೀಪಾವಳಿ ಮುಂಚಿನ ಎರಡು ವಾರ 1 ಲಕ್ಷ 10 ಸಾವಿರದಂತೆ. ಕೂಡಿಸಿ ನೋಡಿ, 10.4 ಲಕ್ಷವೇ ಬರುತ್ತದೆ. ಹೀಗೆ ಬರೆದಿಟ್ಟರೆ ಐದನೇ ವಾರ 65 ಸಾವಿರ ಬಂದಾಗ ಗಾಬರಿ ಇಲ್ಲ. ಎರಡನೇ ವಾರ 80 ಸಾವಿರ ಬಂದಾಗ ಮಾತ್ರ ಗಾಬರಿ ಆಗಬೇಕು.

ವಸೂಲಿ ಎಷ್ಟಾಯಿತು ಅನ್ನುವುದು ಫಲ. ಅದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಕೈಯಲ್ಲಿರುವುದು ಕೆಲಸ. ಯಾವ ಅಂಗಡಿಗೆ ಯಾವತ್ತು ಹೋಗಬೇಕು, ಯಾರ ಜೊತೆ ಮಾತಾಡಬೇಕು ಅನ್ನುವುದು. ಇದಕ್ಕೆ 40 ಅಂಗಡಿಗಳ ಬಾಕಿಯನ್ನು ವಯಸ್ಸಿನ ಪ್ರಕಾರ ಬರೆದುಕೊಳ್ಳಿ. 30 ದಿನದ ಒಳಗಿನದು, 30ರಿಂದ 60, 60 ದಾಟಿದ್ದು. ಬರೆದಾಗ ಸಾಮಾನ್ಯವಾಗಿ ಕಾಣುವುದೇನೆಂದರೆ, ಮುಕ್ಕಾಲು ತಲೆನೋವು ಕೆಲವೇ ಅಂಗಡಿಗಳದ್ದು. ನಮ್ಮ ಉದಾಹರಣೆಯಲ್ಲಿ 9 ಅಂಗಡಿಗಳಲ್ಲಿ 3.1 ಲಕ್ಷ ಕೂತಿದೆ ಅನ್ನಿ. ಉಳಿದ 31 ಅಂಗಡಿಗಳದ್ದು ಸೇರಿ 1.9 ಲಕ್ಷ. ಅಂದಮೇಲೆ 31 ಮಂದಿಗೆ ಸುಮ್ನೆ ಕಿರಿಕಿರಿ ಮಾಡಬೇಕಾಗಿಲ್ಲ. ಒಂಬತ್ತು ಮಂದಿಯ ಹತ್ತಿರ ಕೂತು ಮಾತಾಡಬೇಕು. ಬಾಗಿಲು ಹಾಕಿಕೊಂಡು ಹೋದ ಅಂಗಡಿಯ ಬಾಕಿ ಏನಾದರೂ ಇದ್ದರೆ ಅದನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಗುರಿಯ ಲೆಕ್ಕದಲ್ಲಿ ಸೇರಿಸಿದರೆ ಪ್ರತಿ ವಾರ ಅದೇ ಅಂಕಿ ಕಣ್ಣಿಗೆ ಚುಚ್ಚುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಮಾತಾಡುವುದು ಅಷ್ಟು ಸುಲಭವಲ್ಲ ಬಿಡಿ. ಹುಡುಗ ಬಿಲ್ಲು ಹಿಡಿದು ನಿಂತರೆ "ಅಕ್ಕಾರಿಗೆ ಹೇಳಪಾ, ಮುಂದಿನ ವಾರ ಗ್ಯಾರಂಟಿ" ಅಂತ ಕಳಿಸುತ್ತಾರೆ. ಹುಡುಗನಿಗೂ ಇನ್ನೂ ಆರು ಅಂಗಡಿ ಸುತ್ತುವುದಿದೆ, ಮಾಲು ಇಳಿಸಿ ಹೊರಟುಬಿಡುತ್ತಾನೆ. ಅಲ್ಲಿಗೆ ಬಾಕಿ ಇನ್ನೂ 2 ಸಾವಿರ ಏರಿತು. ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಆ ಹೊತ್ತಿನಲ್ಲೇ ಯೋಚಿಸಲು ಹೊರಟರೆ ದಾಕ್ಷಿಣ್ಯವೇ ಗೆಲ್ಲುವುದು. ಪೀಟರ್ ಗೋಲ್ವಿಟ್ಸರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಇದಕ್ಕೊಂದು ಉಪಾಯ ತೋರಿಸಿದರು. 'ಹೀಗಾದರೆ ಹಾಗೆ ಮಾಡುತ್ತೇನೆ' ಅಂತ ಮೊದಲೇ ಗಟ್ಟಿಮಾಡಿಕೊಂಡವರು, ಬರೀ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಅಂದುಕೊಂಡದ್ದನ್ನು ಮಾಡುತ್ತಾರೆ. ತೀರ್ಮಾನ ಮನೆಯಲ್ಲೇ ಆಗಿರುತ್ತದೆ, ಅಂಗಡಿ ಕಟ್ಟೆ ಮೇಲೆ ಬರೀ ಅದನ್ನು ನಡೆಸುವುದು.

ಇವರ ಕಟ್ಟಳೆ ಹೀಗಿರಬಹುದು: ಯಾವ ಅಂಗಡಿಯ ಬಿಲ್ಲು 45 ದಿನ ದಾಟಿದೆಯೋ ಅಲ್ಲಿ ಹಳೇ ಬಾಕಿಯಲ್ಲಿ ಎಷ್ಟು ಕೊಡುತ್ತಾರೋ ಅಷ್ಟೇ ಬೆಲೆಯ ಹೊಸ ಮಾಲು. ಒಂಬತ್ತು ಅಂಗಡಿಗಳಿಗೆ ಹುಡುಗನ ಬದಲು ಮೊದಲ ಸಲ ಹೆಂಡತಿಯೇ ಹೋಗಿ ಇದನ್ನು ಹೇಳುತ್ತಾರೆ. "ಕಾಕಾ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಹಳೇ ಬಿಲ್ಲಿಂದು ಎಷ್ಟು ಕೊಡ್ತೀರಿ ಅಷ್ಟರ ಮಾಲು ಇವತ್ತ ಇಳಸ್ತೀವಿ ನೋಡ್ರಿ. ಎಲ್ಲಾರಿಗೂ ಹಿಂಗ ಮಾಡೀವಿ." ಆ ಕೊನೆಯ ಮಾತು ಮುಖ್ಯ. ಎಲ್ಲರಿಗೂ ಒಂದೇ ನಿಯಮ ಅಂದರೆ ಅವಮಾನ ಆಗುವುದಿಲ್ಲ. ಒಬ್ಬರಿಗೆ ಸಡಿಲ ಬಿಟ್ಟರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ.

"ನಗದು ಕೊಟ್ಟರೆ ಡಿಸ್ಕೌಂಟ್ ಕೊಡೋಣ" ಅನ್ನುವ ಸಲಹೆ ಬಂದೇ ಬರುತ್ತದೆ. ಕೊಡುವ ಮುಂಚೆ ಲೆಕ್ಕ ಹಾಕಿ. ದುಡ್ಡು 30 ದಿನ ಬೇಗ ಬರಲಿ ಅಂತ ನೂರಕ್ಕೆ 2 ಬಿಟ್ಟರೆ ವರ್ಷಕ್ಕೆ 24ರ ಬಡ್ಡಿ ತೆತ್ತ ಹಾಗೆ. ನೀವು ಈಗಾಗಲೇ ತಿಂಗಳಿಗೆ ನೂರಕ್ಕೆ 3ರಂತೆ ಕೈಸಾಲ ಮಾಡಿದ್ದರೆ ಡಿಸ್ಕೌಂಟೇ ಅಗ್ಗ. ಬ್ಯಾಂಕಿನಲ್ಲಿ ವರ್ಷಕ್ಕೆ 12ರ ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಸಾಲ) ಇದ್ದರೆ ಅದು ಶುದ್ಧ ನಷ್ಟ. ಅಷ್ಟೇ ಅಲ್ಲ, ನೂರಕ್ಕೆ 20 ಉಳಿಯುವ ವ್ಯಾಪಾರದಲ್ಲಿ 2 ಅಂದರೆ ಲಾಭದ ಹತ್ತನೇ ಒಂದು ಪಾಲು.

ಕಾನೂನಿನ ಬಲವೂ ಸ್ವಲ್ಪ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಲಿಖಿತ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ದುಡ್ಡು ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಒಂದು ಚುರುಕು ಬಂತು: ಆ ಗಡುವಿನೊಳಗೆ ಕೊಡದ ಬಿಲ್ಲನ್ನು, ನಿಜವಾಗಿ ದುಡ್ಡು ಕೊಡುವವರೆಗೆ ಕೊಂಡವರು ಖರ್ಚು ಅಂತ ತೋರಿಸುವಂತಿಲ್ಲ. ಆದರೆ ಓಣಿಯ ಕಿರಾಣಿ ಅಂಗಡಿಯವರ ಮುಂದೆ ಇದನ್ನು ಹೇಳಿ ಪ್ರಯೋಜನ ಕಡಿಮೆ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣವರಿಗೆ ಆ ನಿಯಮದ ಬಿಸಿ ತಟ್ಟುವುದಿಲ್ಲ. ಸೂಪರ್ ಮಾರ್ಕೆಟ್ಟಿಗೋ ದೊಡ್ಡ ಕಂಪನಿಯ ಕ್ಯಾಂಟೀನಿಗೋ ಮಾಲು ಹಾಕುವವರು ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ 'ಉದ್ಯಮ್' ನೋಂದಣಿ ಮಾಡಿಸಿ, ಆ ನಂಬರನ್ನು ಬಿಲ್ಲಿನ ಮೇಲೆ ಹಾಕುವುದು ಒಳ್ಳೆಯದು. ಮಾರ್ಚ್ ಹತ್ತಿರ ಬಂದಾಗ ಕೊಂಡವರ ಅಕೌಂಟೆಂಟೇ ಫೋನ್ ಮಾಡುತ್ತಾರೆ.

ಒಂದೇ ಅಂಕಿಯ ಹಿಂದೆ ಬಿದ್ದರೆ ಅಪಾಯವೂ ಇದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಪ್ರತಿ ಗ್ರಾಹಕನಿಗೂ ಎಂಟು ಖಾತೆ, ಕಾರ್ಡು, ಸಾಲ ಇತ್ಯಾದಿ ಮಾರಬೇಕು ಅಂತ ನೌಕರರ ಬೆನ್ನು ಹತ್ತಿತ್ತು. ನೌಕರರು ಏನು ಮಾಡಿದರು? ಗ್ರಾಹಕರಿಗೆ ಹೇಳದೆ ಕೇಳದೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ ವಿಷಯ ಹೊರಬಿದ್ದಾಗ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5300 ಮಂದಿ ಕೆಲಸ ಕಳೆದುಕೊಂಡಿದ್ದರು. ಅಂಕಿ ಏರಿತ್ತು, ವ್ಯಾಪಾರ ಕೆಟ್ಟಿತ್ತು.

ಉಂಡಿ ವ್ಯಾಪಾರದಲ್ಲೂ ಇಂಥ ಅಡ್ಡದಾರಿ ಇದೆ. ಬಾಕಿ ಇಳಿಸಲು ಎಲ್ಲಕ್ಕಿಂತ ಸುಲಭ ಉಪಾಯ ಮಾಲು ಕೊಡುವುದನ್ನೇ ನಿಲ್ಲಿಸುವುದು. ಹಾಗಾಗಿ ಗುರಿಯ ಅಂಕಿಗೆ ಕಾವಲಿಗೊಂದು ಅಂಕಿ ಬೇಕು. ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ ಕೂಡ ಯಾವ ಅಳತೆಯನ್ನೂ ಜೊತೆಯಿಲ್ಲದೆ ಬಿಡಬಾರದು ಅನ್ನುತ್ತಿದ್ದರು. ಇಲ್ಲಿ ಕಾವಲು ಹೀಗೆ: ತಿಂಗಳ ಮಾರಾಟ 2.8 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು, ಒಂಬತ್ತರಲ್ಲಿ ಎರಡಕ್ಕಿಂತ ಹೆಚ್ಚು ಅಂಗಡಿ ಕೈಬಿಟ್ಟು ಹೋಗಬಾರದು. ಎರಡು ಹೋದರೆ ಹೋಗಲಿ. ದುಡ್ಡೇ ಕೊಡದ ಗಿರಾಕಿ ಹೋದದ್ದು ನಷ್ಟವೇ?

ಗುರಿಗೆ ಅಂಟಿಕೊಂಡಿರುವುದು ಅಂದರೆ ಮನೋಬಲ, ಛಲ ಅಂತೆಲ್ಲ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಸೋಮವಾರ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಗಂಡ, ಹೆಂಡತಿ, ಮಾಲು ಹಾಕುವ ಹುಡುಗ ಮೂವರೂ ಇಪ್ಪತ್ತು ನಿಮಿಷ ಕೂತರೆ ಸಾಕು. ಗೋಡೆ ಮೇಲಿನ ಕರಿಹಲಗೆಯಲ್ಲಿ ವಾರದ ಅಂಕಿ, ಬಂದ ಅಂಕಿ, ಒಟ್ಟು ಬಾಕಿ. ಕಡಿಮೆ ಬಂದಿದ್ದರೆ ಯಾವ ಅಂಗಡಿ, ಯಾಕೆ, ಈ ವಾರ ಅಲ್ಲಿಗೆ ಯಾರು ಹೋಗುತ್ತಾರೆ. ಇಷ್ಟೇ ಮಾತು. ಹುಡುಗ ಇರಲೇಬೇಕು, ಯಾಕೆಂದರೆ ಯಾವ ಅಂಗಡಿಯಲ್ಲಿ ಗಲ್ಲಾ ತುಂಬಿದೆ, ಯಾರು ಸುಮ್ನೆ ಸಬೂಬು ಹೇಳುತ್ತಿದ್ದಾರೆ ಅಂತ ಕಣ್ಣಾರೆ ನೋಡುವವನು ಅವನೊಬ್ಬನೇ. ಗುರಿ ಮುಟ್ಟಿದರೆ ದೀಪಾವಳಿಗೆ ಅವನಿಗೆ ಎಷ್ಟು ಅಂತಲೂ ಮೊದಲ ದಿನವೇ ಹೇಳಿಬಿಡಬೇಕು.

ನಿಜವಾದ ಪರೀಕ್ಷೆ ಒಳ್ಳೇ ಸುದ್ದಿಯ ವೇಷದಲ್ಲಿ ಬರುತ್ತದೆ. ಚೌತಿಗೆ ವಾರ ಇರುವಾಗ ಗದಗಿನ ಕಡೆಯ ಹೋಲ್‌ಸೇಲ್ ವ್ಯಾಪಾರಿಯೊಬ್ಬರು ಫೋನ್ ಮಾಡಿ, 1 ಲಕ್ಷದ ಚಕ್ಕುಲಿ ಬೇಕು, ದುಡ್ಡು ದಸರಾ ಆದ ಮೇಲೆ ಅನ್ನುತ್ತಾರೆ ಅಂತಿಟ್ಟುಕೊಳ್ಳಿ. ಬಾಯಲ್ಲಿ ನೀರೂರುತ್ತದೆ. ಒಪ್ಪಿಕೊಂಡರೆ ಮೂರು ವಾರ ಇಳಿಸಿದ್ದು ಒಂದೇ ದಿನದಲ್ಲಿ ಮತ್ತೆ ಏರುತ್ತದೆ. ಬೇಡ ಅನ್ನಲೇಬೇಕು ಅಂತಲ್ಲ. ಅರ್ಧ ಮುಂಗಡ, ಉಳಿದದ್ದು ಮಾಲು ಇಳಿಸುವಾಗ ಅಂತ ಕೇಳಬಹುದು. ಅವರು ಒಪ್ಪದಿದ್ದರೆ ಬಿಡುವ ಧೈರ್ಯ ಇರಬೇಕು, ಅಷ್ಟೇ. ಮೂರು ತಿಂಗಳ ಗುರಿಗೆ ಒಂದು ಅನುಕೂಲ ಇದೆ: "ಈಗ ಆಗಲ್ಲ, ದೀಪಾವಳಿ ಆದ ಮೇಲೆ ಮಾತಾಡೋಣ್ರಿ" ಅಂತ ಬಾಗಿಲು ಮುಚ್ಚದೆಯೇ ಹೇಳಬಹುದು. ವರ್ಷದ ಗುರಿ ಇಟ್ಟುಕೊಂಡವರಿಗೆ ಈ ಮಾತು ಸಿಗುವುದಿಲ್ಲ.

ನಡುವೆ ಗುರಿ ಬದಲಿಸಬಹುದೇ? ಆರನೇ ವಾರ ಒಂದು ಸಲ, ಅದೂ ಲೆಕ್ಕದ ಬುಡವೇ ಅಲುಗಾಡಿದ್ದರೆ. ಶೇಂಗಾ ರೇಟು ದಿಢೀರ್ ಏರಿ ಒಂದು ರೂಪಾಯಿ ಮಾಲಿಗೆ 90 ಪೈಸೆ ಖರ್ಚು ಬೀಳತೊಡಗಿದರೆ ಉದ್ರಿಗಿಂತ ದರ ಏರಿಸುವುದೇ ಮೊದಲ ಕೆಲಸ ಆಗುತ್ತದೆ. ಒಂಬತ್ತು ಅಂಗಡಿಗಳಲ್ಲಿ ಇಬ್ಬರು ಮುಖ ತಿರುಗಿಸಿದರು, ಕೇಳಲು ಮುಜುಗರ ಆಗುತ್ತಿದೆ ಅನ್ನುವುದೆಲ್ಲ ಬದಲಿಸಲು ಕಾರಣ ಆಗುವುದಿಲ್ಲ. ಅದು ಗೊತ್ತಿದ್ದೇ ಹೊರಟದ್ದು.

ದೀಪಾವಳಿ ಅಮಾವಾಸ್ಯೆಗೆ ಬಾಕಿ 3.4 ಲಕ್ಷಕ್ಕೆ ಬಂದು ನಿಂತಿತು ಅನ್ನಿ. ಗುರಿ ಮುಟ್ಟಲಿಲ್ಲ, ಉದ್ರಿ ದಿನ ಮಾತ್ರ 50ರಿಂದ 34ಕ್ಕೆ ಇಳಿದಿದೆ. 1.6 ಲಕ್ಷ ಕೈಗೆ ಬಂದಿದೆ. ಈ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಪಂಚಮಿಯಲ್ಲೇ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಅರ್ಧ ಬಂಗಾರದ ಅಂಗಡಿಗೆ, ಅರ್ಧ ಹೊಸ ಉದ್ರಿಗೆ ಹೋಗಿ ಸಂಕ್ರಾಂತಿ ಹೊತ್ತಿಗೆ ಬಾಕಿ ಮತ್ತೆ 5 ಲಕ್ಷ. ಇವರಿಗಾದರೆ ಜಾಗ ಎದುರಿಗೇ ಇದೆ. ಅದೇ ಸಮಯಕ್ಕೆ ಮುಂಗಾರಿನ ಹೊಸ ಶೇಂಗಾ ಎಪಿಎಂಸಿಗೆ ಬರುತ್ತಿರುತ್ತದೆ. ಇಷ್ಟು ದಿನ ಉದ್ರಿ ತಂದು, ದರದಲ್ಲಿ ಮಾತಾಡಲು ಬಾಯಿಲ್ಲದೆ ಇದ್ದವರು ಈಗ ನಗದು ಹಿಡಿದು ಹೋಗಬಹುದು. ಕಿಲೋಗೆ ಎಷ್ಟು ಕಡಿಮೆಗೆ ಸಿಗುತ್ತದೆ ಅನ್ನುವುದು ಮುಂದಿನ ಹನ್ನೆರಡು ವಾರದ ಹಲಗೆಯ ಮೊದಲ ಅಂಕಿ.